ನಾಲ್ಕು ಸಲ ಓದಿದ್ರೂ ನೆನಪಿರಲ್ಲ ಅನ್ನೋ ಡಿಗ್ರಿ ಮಕ್ಕಳಿಗೆ

ನನ್ನ ತಂಗಿ ಬಿಎ ಓದ್ತಿದಾಳೆ, ಪೊಲಿಟಿಕಲ್ ಸೈನ್ಸ್. ಮೊನ್ನೆ ಫೋನಲ್ಲಿ ಅತ್ಲು, ಸಂವಿಧಾನ ತಿದ್ದುಪಡಿ ಚಾಪ್ಟರ್ ನಾಲ್ಕು ಸಲ ಓದಿದೀನಿ ಅಕ್ಕ, ಇಂಟರ್ನಲ್ಸ್‌ನಲ್ಲಿ ಒಂದು ಸಾಲೂ ನೆನಪಿಗೆ ಬರ್ಲಿಲ್ಲ ಅಂತ. ಪುಸ್ತಕದ ಫೋಟೋ ಕಳ್ಸು ಅಂದೆ. ಪುಟ ಪೂರ್ತಿ ಹಳದಿ ಹೈಲೈಟರ್. ಪಿಯುಸಿವರೆಗೆ ಕನ್ನಡ ಮೀಡಿಯಂ, ಈಗ ದಪ್ಪ ಇಂಗ್ಲಿಷ್ ಪುಸ್ತಕ, ಹೇಗೆ ಓದ್ಬೇಕು ಅಂತ ಯಾರೂ ಕೂರಿಸ್ಕೊಂಡು ಹೇಳ್ಕೊಟ್ಟಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತೀನಿ, ಬೇರೆಯವ್ರಿಗೂ ಬೇಕಾಗತ್ತೆ.

ಮೊದಲನೇ ಸಾಲಿಂದ ಶುರು ಮಾಡ್ಬೇಡಿ. ಐದು ನಿಮಿಷ ಬರೀ ಪುಟ ತಿರುವಿ ಹಾಕಿ, ಹೆಡಿಂಗ್‌ಗಳು, ಕೊನೇ ಪ್ಯಾರಾ, ಚಾಪ್ಟರ್ ಹಿಂದಿನ ಪ್ರಶ್ನೆಗಳು, ಸಿಕ್ಕಿದ್ರೆ ಹಳೇ ಕ್ವೆಶ್ಚನ್ ಪೇಪರ್. ಆಮೇಲೆ ಒಂದೊಂದು ಹೆಡಿಂಗನ್ನೂ ಪ್ರಶ್ನೆ ಮಾಡ್ಕೊಳ್ಳಿ. ಇದು ಹೊಸದೇನಲ್ಲ, ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ರಾಬಿನ್ಸನ್ ಅನ್ನೋ ಮೇಷ್ಟ್ರು 1946ರಲ್ಲೇ ಇದನ್ನ ಎಸ್‌ಕ್ಯೂ3ಆರ್ (ಸರ್ವೇ, ಕ್ವೆಶ್ಚನ್, ರೀಡ್, ರಿಸೈಟ್, ರಿವ್ಯೂ, ಅಂದ್ರೆ ತಿರುವಿ ನೋಡು, ಪ್ರಶ್ನೆ ಕೇಳು, ಓದು, ಬಾಯಲ್ಲಿ ಹೇಳು, ಮತ್ತೆ ನೋಡು) ಅಂತ ಹೆಸರಿಟ್ಟು ಬರೆದಿದ್ರು.

ತಂಗಿ ಪುಸ್ತಕದಲ್ಲಿ ಹೆಡಿಂಗ್ ಇದ್ದಿದ್ದು ಬರೀ "ಆರ್ಟಿಕಲ್ 368" ಅಂತ, ಸಂವಿಧಾನ ತಿದ್ದೋದು ಹೇಗೆ ಅಂತ ಹೇಳೋ ವಿಧಿ ಅದು. ಅದನ್ನ "ಸಂಸತ್ತು ಸಂವಿಧಾನದಲ್ಲಿ ಏನ್ ಬೇಕಾದ್ರೂ ಬದಲಾಯಿಸ್ಬಹುದಾ?" ಅಂತ ಮಾಡ್ಸಿದೆ. ಈಗ ನೋಡಿ, ಸುಮ್ನೆ ಉರು ಹೊಡೀತಿದ್ದ ಕೇಸುಗಳೆಲ್ಲ ಇಬ್ಬರ ಜಗಳದ ಥರ ಕಾಣತ್ತೆ. 1967ರಲ್ಲಿ ಗೋಲಕನಾಥ್ ಕೇಸಲ್ಲಿ ಸುಪ್ರೀಂ ಕೋರ್ಟು ಮೂಲಭೂತ ಹಕ್ಕು ಮುಟ್ಟಂಗಿಲ್ಲ ಅಂತು, 1971ರಲ್ಲಿ ಸಂಸತ್ತು 24ನೇ ತಿದ್ದುಪಡಿ ತಂದು ಮುಟ್ತೀವಿ ಅಂತು, 1973ರಲ್ಲಿ ಕೇಶವಾನಂದ ಭಾರತಿ ಕೇಸಲ್ಲಿ 13 ಜಡ್ಜ್‌ಗಳು ಕೂತು 7–6ರಲ್ಲಿ ತಿದ್ದಿ, ಆದ್ರೆ ಮೂಲ ರಚನೆ, ಅಂದ್ರೆ ಸಂವಿಧಾನದ ಅಡಿಪಾಯ, ಕೆಡಿಸ್ಬೇಡಿ ಅಂದ್ರು. ಆ ಕೇಶವಾನಂದ ಭಾರತಿ ಯಾರು ಅಂದ್ಕೊಂಡ್ರಿ, ನಮ್ಮ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು, ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಕೋರ್ಟಿಗೆ ಹೋದವ್ರು. ಇದನ್ನ ಹೇಳಿದ್ಮೇಲೆ ತಂಗಿಗೆ ಆ ಹೆಸರು ಮರೆಯೋದೇ ಇಲ್ಲ. ಗೊತ್ತಿರೋ ಊರಿಗೋ ಮನುಷ್ಯರಿಗೋ ಹೊಸ ವಿಷ್ಯನ ಗಂಟು ಹಾಕ್ಬೇಕು, ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವ್ರ ಕೇಸು, 1994, ಅದೂ ಇದೇ ಮೂಲ ರಚನೆ ದಾರಕ್ಕೆ ಬರತ್ತೆ.

ಓದೋವಾಗ ಹೈಲೈಟರ್ ಪಕ್ಕಕ್ಕಿಟ್ಟು ಪೆನ್ಸಿಲ್ ಹಿಡೀರಿ. ಒಂದು ಪ್ಯಾರಾ ಮುಗಿದ್ಮೇಲೆ ಮಾರ್ಜಿನ್‌ನಲ್ಲಿ ನಾಲ್ಕೈದು ಪದ, ನಿಮ್ಮ ಮಾತಲ್ಲಿ. ಕನ್ನಡದಲ್ಲೇ ಬರೀರಿ, ಏನೂ ತಪ್ಪಿಲ್ಲ, ಪರೀಕ್ಷೆಗೆ ಬೇಕಾದ ಟೆಕ್ನಿಕಲ್ ಪದ ಮಾತ್ರ ಇಂಗ್ಲಿಷಲ್ಲೇ ಇರ್ಲಿ. ಬರೆಯೋಕೆ ಏನೂ ತೋಚ್ಲಿಲ್ಲ ಅಂದ್ರೆ ಆ ಪ್ಯಾರಾ ಅರ್ಥ ಆಗಿಲ್ಲ, ಇನ್ನೊಂದ್ಸಲ ಓದಿ. ಗೊತ್ತಿಲ್ದಿರೋ ಪ್ರತಿ ಪದಕ್ಕೂ ಡಿಕ್ಷನರಿ ತೆಗೀಬೇಡಿ, ಸುತ್ತ ಗೆರೆ ಹಾಕಿ ಮುಂದೆ ಹೋಗಿ, ಅದೇ ಪದ ಮೂರ್ನೇ ಸಲ ಬಂದ್ರೆ ಆಗ ನೋಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ರೂ ಬಿಡೋದೂ ಇದನ್ನೇ. ಎರಡ್ಮೂರು ಪುಟ ಆದ್ಮೇಲೆ ಪುಸ್ತಕ ಮುಚ್ಚಿ, ಓದಿದ್ದನ್ನ ಬಾಯಿಬಿಟ್ಟು ಹೇಳಿ, ಇಲ್ಲಾ ಖಾಲಿ ಹಾಳೆ ಮೇಲೆ ಬರೀರಿ. ಕಷ್ಟ ಆಗತ್ತೆ, ಇದಕ್ಕಿಂತ ಇನ್ನೊಂದ್ಸಲ ಓದೋದೇ ವಾಸಿ ಅನ್ಸತ್ತೆ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋರು 2006ರಲ್ಲಿ ಕಾಲೇಜು ಮಕ್ಕಳ ಮೇಲೆ ಇದನ್ನ ಪರೀಕ್ಷೆ ಮಾಡಿದ್ರು, ಐದು ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ ಮತ್ತೆ ಓದಿದವ್ರೇ ಮುಂದಿದ್ರು, ಒಂದು ವಾರ ಬಿಟ್ಟು ಕೇಳಿದ್ರೆ ನೆನಪು ಮಾಡ್ಕೊಂಡು ಬರೆದವ್ರು ಮುಂದಿದ್ರು. ನಮ್ಮ ಪರೀಕ್ಷೆ ಐದು ನಿಮಿಷಕ್ಕಂತೂ ಬರಲ್ಲ ಅಲ್ವಾ. ಮಾರನೇ ದಿನ ಒಂದ್ಸಲ, ನಾಲ್ಕು ದಿನ ಬಿಟ್ಟು ಇನ್ನೊಂದ್ಸಲ ಹೀಗೇ ಮಾಡಿ, ಹತ್ತು ನಿಮಿಷ ಸಾಕು.

ಅಕೌಂಟೆನ್ಸಿ, ಗಣಿತಕ್ಕೆ ಮಾರ್ಜಿನ್ ಗೀರ್ಬಿಟ್ರೆ ಸಾಲದು, ಪುಸ್ತಕದಲ್ಲಿ ಬಿಡಿಸಿರೋ ಲೆಕ್ಕನ ಮುಚ್ಚಿಟ್ಟು ನೀವೇ ಮಾಡ್ಬೇಕು. ಮೊಬೈಲಲ್ಲಿ ಪಿಡಿಎಫ್ ಓದೋರು ಆ ಒಂದು ಚಾಪ್ಟರ್ ಆದ್ರೂ ಜೆರಾಕ್ಸ್ ಮಾಡಿಸ್ಕೊಳ್ಳಿ.

ನಿನ್ನೆ ರಾತ್ರಿ ತಂಗಿ ಮತ್ತೆ ಫೋನ್ ಮಾಡಿ, ಪುಸ್ತಕ ಮುಚ್ಚಿಟ್ಟು ಪೂರ್ತಿ ಕಥೆ ಕನ್ನಡದಲ್ಲಿ ಹೇಳಿದ್ಲು, 24ನೇ ತಿದ್ದುಪಡಿ ಹತ್ರ ಬಂದು ನಿಂತ್ಲು. ಆ ಒಂದೂವರೆ ಪುಟ ಮಾತ್ರ ಮತ್ತೆ ಓದು ಅಂದೆ.