ವ್ಯಾನ್ ನೆರಳಲ್ಲಿ, ಡಿಶ್ ಬಯಲಲ್ಲಿ

ನಮ್ಮ ಟೆಂಪೋ ಟ್ರಾವೆಲರ್‌ನ ಹಿಂದಿನ ಸೀಟು ತೆಗೆಸಿ, ಎರಡು ಮಂಚ ಮತ್ತು ಒಂದು ಪುಟ್ಟ ಅಡುಗೆ ಕಟ್ಟೆ ಮಾಡಿಸಿದಾಗ ಅಮ್ಮ ಕೇಳಿದ್ದು ಒಂದೇ ಮಾತು. "ಸಂಜೆ ಚಂದನ ಬರತ್ತೇನೋ ಇದ್ರಲ್ಲಿ?"

ಮೊಬೈಲ್‌ನಲ್ಲೇ ತೋರಿಸು ಅಂತ ಶಿವಮೊಗ್ಗದ ಸ್ನೇಹಿತರು ಹೇಳಿದರು. ಹೊಸನಗರ ದಾಟಿ ನಗರ, ನಿಟ್ಟೂರು ಕಡೆ ಓಡಾಡಿದವರಿಗೆ ಗೊತ್ತಿರುತ್ತದೆ, ಅಲ್ಲಿ ಎಷ್ಟೋ ಕಡೆ ಒಂದು ಫೋನ್ ಮಾಡಬೇಕಾದರೂ ದಿಬ್ಬ ಹತ್ತಬೇಕು. ಹಾಗಾಗಿ ಡಿಶ್ಶೇ ಆಗಬೇಕಿತ್ತು. ಯಾವ ಡಿಶ್ ಅನ್ನೋದನ್ನು ಗೊತ್ತು ಮಾಡಿಕೊಳ್ಳಲು ನನಗೆ ಎರಡು ಮಳೆಗಾಲ ಹಿಡಿಯಿತು.

ಮೊದಲು ಕಣ್ಣಿಗೆ ಬಿದ್ದದ್ದು ಹೊರದೇಶದ ಕ್ಯಾಂಪರ್ ವ್ಯಾನ್‌ಗಳ ತಲೆಯ ಮೇಲಿರುವ ಬಿಳಿ ಗುಮ್ಮಟ. ಬಟನ್ ಒತ್ತಿದರೆ ತಾನೇ ಉಪಗ್ರಹ ಹುಡುಕಿಕೊಳ್ಳುತ್ತದೆ. ಆಸೆಯಾಗಿತ್ತು. ಆದರೆ ಅಮೆರಿಕಕ್ಕೆಂದು ಮಾಡಿದವು ಅಲ್ಲಿನ ಉಪಗ್ರಹಗಳನ್ನೇ ಹುಡುಕುತ್ತವೆ, ನಮ್ಮ ಆಕಾಶದಲ್ಲಿ ಅದರಿಂದ ಉಪಯೋಗವಿಲ್ಲ. ಇನ್ನೊಂದು, ಗುಮ್ಮಟದೊಳಗಿನ ತಟ್ಟೆ ಚಿಕ್ಕದು. 40 ಸೆಂಟಿಮೀಟರ್ ತಟ್ಟೆಯ ವಿಸ್ತಾರ ನಮ್ಮ ಮನೆಗಳ 60 ಸೆಂಟಿಮೀಟರ್ ಡಿಶ್‌ನ ಅರ್ಧದಷ್ಟೂ ಇಲ್ಲ. ಆಗುಂಬೆ ಮಳೆಗೆ ಅದು ಸಾಲದು.

ಆಮೇಲೆ ಸಾಮಾನ್ಯ 60 ಸೆಂಟಿಮೀಟರ್ ಡಿಶ್ಶನ್ನೇ ವ್ಯಾನಿನ ತಲೆಗೆ ಬೋಲ್ಟ್ ಹಾಕಿಸಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಒಳಗೆ ಯಾರಾದರೂ ಎದ್ದು ಓಡಾಡಿದರೆ ವ್ಯಾನ್ ತೂಗುತ್ತದೆ, ಚಿತ್ರ ಚೂರುಚೂರಾಗುತ್ತದೆ. ಇಷ್ಟು ಅಗಲದ ಡಿಶ್ ಎರಡು ಡಿಗ್ರಿ ಅತ್ತಿತ್ತ ಆದರೂ ಸಿಗ್ನಲ್ ಹೋಗುತ್ತದೆ. ಕೊನೆಗೆ ಕವಲೇದುರ್ಗದ ದಾರಿಯಲ್ಲಿ ಒಂದು ಹಲಸಿನ ಕೊಂಬೆ ಬಡಿದು ಡಿಶ್‌ನ ಅಂಚು ಮಡಚಿಹೋಯಿತು. ಅಂಚು ಸೊಟ್ಟಗಾದ ಡಿಶ್ಶನ್ನು ತಟ್ಟಿ ಸರಿಮಾಡಲು ಹೋಗಬೇಡಿ, ಆ ಆಕಾರ ಮತ್ತೆ ಬರುವುದಿಲ್ಲ.

ಆಗ ಹೊಳೆಯಿತು. ಮಲೆನಾಡಿನಲ್ಲಿ ನಾವು ವ್ಯಾನ್ ನಿಲ್ಲಿಸುವುದೇ ನೆರಳು ನೋಡಿ. ಡಿಶ್‌ಗೆ ಬೇಕಿರುವುದು ಬಯಲು. ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದ್ದು ಯಾಕೆ? ಈಗ ನನ್ನ ಡಿಶ್ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ನೆಲದಲ್ಲಿ ನಿಲ್ಲುತ್ತದೆ. ಜೊತೆಗೆ 15 ಮೀಟರ್ ಆರ್‌ಜಿ-6 ಕೇಬಲ್, ನಡುವೆ ಒಂದೂ ಜೋಡಣೆ ಇಲ್ಲ. ವ್ಯಾನ್ ಮರದ ಕೆಳಗೆ, ಡಿಶ್ ಅಂಗಳದ ತುದಿಯಲ್ಲಿ. ಗಾಳಿಗೆ ಬೀಳದಂತೆ ಸ್ಟ್ಯಾಂಡಿನ ನಡುವೆ ನೀರು ತುಂಬಿದ ಕ್ಯಾನ್ ತೂಗುಹಾಕುತ್ತೇನೆ.

ಯಾವ ಉಪಗ್ರಹ ಅನ್ನೋದೂ ಇಲ್ಲಿ ಮುಖ್ಯ. ದೂರದರ್ಶನದ ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಶಿವಮೊಗ್ಗದಿಂದ ನೋಡಿದರೆ ಅದು ಆಗ್ನೇಯಕ್ಕೆ, ಕಾಂಪಸ್‌ನಲ್ಲಿ ಸುಮಾರು 127 ಡಿಗ್ರಿ, ನೆಲದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿದೆ. ಟಾಟಾ ಪ್ಲೇ ಬಳಸುವ 83 ಡಿಗ್ರಿ ರೇಖಾಂಶದ್ದು ಇನ್ನೂ ನೆತ್ತಿಯ ಹತ್ತಿರ, ನೆಲದಿಂದ 71ರ ಸುಮಾರು. ಏರ್‌ಟೆಲ್‌ನ 108.2 ಡಿಗ್ರಿ ಮಾತ್ರ ಕೆಳಗೆ, 49ರ ಸುಮಾರು. ಎದುರಿಗೆ 15 ಮೀಟರ್ ಎತ್ತರದ ಅಡಿಕೆ ಮರ ಇದೆ ಅಂದುಕೊಳ್ಳಿ. ಫ್ರೀ ಡಿಶ್‌ಗೆ ಅದರಿಂದ ಎಂಟು ಮೀಟರ್ ದೂರ ಇದ್ದರೆ ಸಾಕು. 108.2ಕ್ಕೆ ಹದಿಮೂರು ಮೀಟರ್‌ಗಿಂತ ಜಾಸ್ತಿ ಬೇಕು. ತೋಟದ ನಡುವೆ ಅಷ್ಟು ಬಯಲು ಎಲ್ಲಿ ಸಿಗುತ್ತದೆ? ಸಿಗ್ನಲ್ ಓರೆಯಾಗಿ ಬಂದಷ್ಟೂ ಮಳೆಯೊಳಗೆ ಅದರ ದಾರಿಯೂ ಉದ್ದ. ಅಮ್ಮನಿಗೆ ಬೇಕಾದದ್ದು ಚಂದನ, ತಿಂಗಳ ಬಾಡಿಗೆಯೂ ಇಲ್ಲ ಅಂತ ನಾನು ಫ್ರೀ ಡಿಶ್ ಹಿಡಿದೆ. ಧಾರಾವಾಹಿ ಬಿಡಲಾಗದವರಿಗೆ ಇದು ಸಾಕಾಗುವುದಿಲ್ಲ, ಅವರಿಗೆ 83ರ ಟಾಟಾ ಪ್ಲೇ ಒಳ್ಳೆಯದು.

ಕೂರಿಸುವಾಗ ನಾನು ತುಂಬ ಹೊತ್ತು ಒದ್ದಾಡಿದ್ದು ಎರಡು ವಿಷಯದಲ್ಲಿ. ಉಪಗ್ರಹ 63 ಡಿಗ್ರಿ ಮೇಲಿದೆ ಅಂತ ಡಿಶ್‌ನ ಮುಖವನ್ನೂ ಅಷ್ಟೇ ಮೇಲಕ್ಕೆ ಎತ್ತಿದ್ದೆ. ನಮ್ಮ ಡಿಶ್‌ಗಳು ಆಫ್‌ಸೆಟ್ ಮಾದರಿಯವು. ಮುಖ 40 ಡಿಗ್ರಿ ಸುಮಾರಿಗೆ ನೋಡುತ್ತಿರುವಂತೆ ಕಂಡರೂ ಅದು ಹಿಡಿಯುವುದು ಅದಕ್ಕಿಂತ ಬಹಳ ಮೇಲಿನದನ್ನು. ಎರಡನೆಯದು ಎಲ್‌ಎನ್‌ಬಿಯ, ಅಂದರೆ ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿಯ, ತಿರುವು. ನಾವು ದಕ್ಷಿಣದಲ್ಲಿರುವುದರಿಂದ ಇಲ್ಲಿ ಅದನ್ನು ಸುಮಾರು 50 ಡಿಗ್ರಿ ತಿರುಗಿಸಬೇಕು. ನೆಟ್ಟಗೆ ಬಿಟ್ಟಿದ್ದೆ, ಸಿಗ್ನಲ್ ಬಂದ ಹಾಗೆ ಮಾಡಿ ಹೋಗುತ್ತಿತ್ತು. ಟಿವಿಯಲ್ಲಿ ಕ್ವಾಲಿಟಿ ಪಟ್ಟಿ ನೋಡುತ್ತ ಸ್ವಲ್ಪ ಸ್ವಲ್ಪ ತಿರುಗಿಸಿದಾಗ ಚಾನೆಲ್‌ಗಳು ನಿಂತವು.

ಈ ಎರಡನ್ನೂ ಒಮ್ಮೆ ಸರಿ ಕೂರಿಸಿ ಬಣ್ಣದಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಸಾಗರದಿಂದ ಸಕಲೇಶಪುರದವರೆಗೆ ಹೋದರೂ ಒಂದೆರಡು ಡಿಗ್ರಿಗಿಂತ ಹೆಚ್ಚು ಬದಲಾಗುವುದಿಲ್ಲ. ಸ್ಟ್ಯಾಂಡಿನ ಪೈಪ್ ನೆಟ್ಟಗಿದೆಯಾ ಅಂತ ಗಾರೆಯವರ ರಸಮಟ್ಟ ಇಟ್ಟು ನೋಡಿ, ಆಮೇಲೆ ಡಿಶ್ಶನ್ನು ಅಡ್ಡಕ್ಕೆ ಮಾತ್ರ ನಿಧಾನವಾಗಿ ತಿರುಗಿಸಿದರೆ ಸಾಕು. ಕಾಂಪಸ್ ನೋಡುವಾಗ ವ್ಯಾನಿನಿಂದ ಹತ್ತು ಹೆಜ್ಜೆ ದೂರ ನಿಲ್ಲಿ, ಕಬ್ಬಿಣ ಮುಳ್ಳನ್ನು ಎಳೆಯುತ್ತದೆ.

ಕರೆಂಟಿನದು ಸುಲಭ. ನನ್ನ ಸೆಟ್‌ಟಾಪ್ ಬಾಕ್ಸ್ 12 ವೋಲ್ಟಿನದು, ಇನ್ವರ್ಟರ್ ಬೇಕಾಗಲಿಲ್ಲ. ಇಂಜಿನ್ ಓಡುವಾಗ ಬ್ಯಾಟರಿ 14 ವೋಲ್ಟ್ ದಾಟುವುದರಿಂದ ನಡುವೆ ಒಂದು ರೆಗ್ಯುಲೇಟರ್ ಹಾಕಿದ್ದೇನೆ. ಎಲ್‌ಎನ್‌ಬಿಗೆ ಕರೆಂಟ್ ಹೋಗುವುದೂ ಅದೇ ಕೇಬಲ್‌ನಲ್ಲಿ, ಅದಕ್ಕೇ ಕನೆಕ್ಟರ್ ಮುಟ್ಟುವ ಮೊದಲು ಬಾಕ್ಸ್ ಆಫ್ ಮಾಡಿ. ಹೊಸನಗರದಾಚೆಯ ಆ ನಗರ ಊರಿನ ಹತ್ತಿರ ಒಂದು ರಾತ್ರಿ ಕನೆಕ್ಟರ್ ಒಳಗೆ ನೀರು ಇಳಿದು ಎಲ್ಲ ನಿಂತುಹೋಗಿತ್ತು. ಈಗ ರಬ್ಬರ್ ಟೇಪ್ ಸುತ್ತಿ, ಕೇಬಲ್ಲನ್ನು ಕೆಳಕ್ಕೆ ಒಂದು ಬಳಸು ಬಿಟ್ಟು ಕಟ್ಟುತ್ತೇನೆ. ನೀರು ಆ ಬಳಸಿನಿಂದಲೇ ತೊಟ್ಟಿಕ್ಕುತ್ತದೆ.

ಮಡಚಿಹೋದ ಡಿಶ್ ಜಾಗಕ್ಕೆ 75 ಸೆಂಟಿಮೀಟರಿನದು ತಂದೆ. 60ಕ್ಕಿಂತ ಒಂದೂವರೆ ಪಟ್ಟು ವಿಸ್ತಾರ, ಸಾಧಾರಣ ಮಳೆಯಲ್ಲಿ ಚಿತ್ರ ನಿಲ್ಲುತ್ತದೆ. 90ರದ್ದು ಇನ್ನೂ ಚೆನ್ನ, ಆದರೆ ಮಂಚದ ಕೆಳಗೆ ಹಿಡಿಯುವುದಿಲ್ಲ. ಆಷಾಢದಲ್ಲಿ ಜಡಿಮಳೆ ಹಿಡಿದಾಗ ಯಾವ ಡಿಶ್ಶೂ ತಡೆಯುವುದಿಲ್ಲ. ಆಗ ಅಮ್ಮ ತಾವೇ ಟಿವಿ ಆರಿಸಿ, ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ ಹಾಕಿಕೊಳ್ಳುತ್ತಾರೆ.