ಬೇಸಿಗೆ ಕ್ಯಾಂಪಿಗೆ ದುಡ್ಡು ಕಟ್ಟುವ ಮೊದಲು ಗೇಟಿನ ಹತ್ತಿರ ನಿಂತು ನೋಡಿ

ಏಪ್ರಿಲ್ ಬಂತು ಅಂದರೆ ಬೀದಿ ಬೀದಿಯಲ್ಲಿ ಕ್ಯಾಂಪಿನ ಬ್ಯಾನರ್. ಕ್ರಿಕೆಟ್, ಈಜು, ಸ್ಕೇಟಿಂಗ್, ಕರಾಟೆ. ನಾವು ಕೇಳುವುದು ಎರಡೇ: ಫೀಸ್ ಎಷ್ಟು, ಟೀ ಶರ್ಟ್ ಕೊಡ್ತೀರಾ? ದಿನಕ್ಕೆ ಎರಡು ಮೂರು ಗಂಟೆ ಮಗು ಯಾರ ಕೈಯಲ್ಲಿರುತ್ತದೆ ಅಂತ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಒಂದು ದಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ ಅರ್ಧ ಗಂಟೆ ತಡವಾಗಿ ಹೋದರೆ ಮೈದಾನ ಖಾಲಿ, ಗೇಟಿಗೆ ಬೀಗ, ಒಂಬತ್ತು ವರ್ಷದ ಮಗ ಕಿಟ್ ಬ್ಯಾಗಿನ ಮೇಲೆ ಕೂತು ಎಳನೀರು ಗಾಡಿಯವನ ಜೊತೆ ಹರಟುತ್ತಿದ್ದ. ಏನೂ ಆಗಲಿಲ್ಲ. ಪುಣ್ಯ ಅಷ್ಟೇ.

ಅದಕ್ಕೇ ಹೇಳುವುದು, ಈಗ ನಡೆಯುತ್ತಿರುವ ಬ್ಯಾಚ್ ಬಿಡುವ ಹೊತ್ತಿಗೆ ಹೋಗಿ ಸುಮ್ನೆ ನಿಂತುಕೊಳ್ಳಿ. ಯಾರು ಬಂದು ಕರೆದರೂ ಮಕ್ಕಳನ್ನು ಕಳಿಸುತ್ತಾರಾ, ಇಲ್ಲ ಪುಸ್ತಕದಲ್ಲಿ ಹೆಸರು ನೋಡಿ ಸಹಿ ಹಾಕಿಸಿಕೊಂಡು ಕಳಿಸುತ್ತಾರಾ? ಕೊನೆಯ ಮಗು ಹೋಗುವ ತನಕ ಇಬ್ಬರು ದೊಡ್ಡವರು ಇರುತ್ತಾರಾ? ಒಬ್ಬರಲ್ಲ, ಇಬ್ಬರು. ತಡವಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ಕೇಳಿ ನಂಬರ್ ಇಟ್ಟುಕೊಳ್ಳಿ. ಕೋಚ್ "ನಾನೇ ಬೈಕಲ್ಲಿ ಬಿಡ್ತೀನಿ ಸಾರ್" ಅಂದರೆ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ, ಬೇಡ ಅನ್ನಿ.

ಆಮೇಲೆ ಒಳಗೆ ಹೋಗಿ. ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಇದೆಯಾ, ಹುಡುಗಿಯರಿಗೆ ಬೇರೆ ಜಾಗ ಇದೆಯಾ, ಹೆಣ್ಣು ಕೋಚ್ ಅಥವಾ ಸಹಾಯಕಿ ಯಾರಾದರೂ ಇದ್ದಾರಾ? ಈಜುಕೊಳವಾದರೆ ಕಲಿಸುವವರನ್ನು ಬಿಟ್ಟು ಬೇರೆ ಒಬ್ಬ ಲೈಫ್‌ಗಾರ್ಡ್ ಬೇಕೇ ಬೇಕು, ಕಲಿಸುವವನ ಕಣ್ಣು ಎದುರಿಗಿರುವ ಮಗುವಿನ ಮೇಲಿರುತ್ತದೆ, ಮೂಲೆಯಲ್ಲಿ ಮುಳುಗುತ್ತಿರುವ ಮಗುವಿನ ಮೇಲಲ್ಲ.

ಆಟ ಕಲಿಸುವಾಗ ಮುಟ್ಟುವುದು ಇದ್ದದ್ದೇ. ಬ್ಯಾಟ್ ಹಿಡಿಯುವ ಕೈ ತಿದ್ದಬೇಕು, ನೀರಿನಲ್ಲಿ ಹೊಟ್ಟೆಯ ಕೆಳಗೆ ಕೈ ಕೊಡಬೇಕು. ಒಳ್ಳೆಯ ಕೋಚ್ "ಮೊಣಕೈ ಸ್ವಲ್ಪ ಎತ್ತುತ್ತೀನಿ ಪುಟ್ಟ" ಅಂತ ಹೇಳಿಯೇ ಮುಟ್ಟುತ್ತಾರೆ, ಎಲ್ಲರ ಎದುರಿಗೇ. ಮಗುವಿಗೆ ನೇರವಾಗಿ ವಾಟ್ಸಾಪ್ ಮಾಡುವವರು, ಒಂದೇ ಮಗುವಿಗೆ ಪದೇ ಪದೇ ಗಿಫ್ಟ್ ಕೊಡುವವರು, ಎಲ್ಲರೂ ಹೋದ ಮೇಲೆ 'ಸ್ಪೆಷಲ್ ಪ್ರಾಕ್ಟೀಸ್' ಅನ್ನುವವರು ಕಂಡರೆ ಹುಷಾರು. ಶಿಕ್ಷೆ ಅಂತ ಬಿಸಿಲಲ್ಲಿ ಓಡಿಸಿ ನೀರು ಕೊಡದೆ ಇರುವ ಕಡೆಗಂತೂ ಕಳಿಸಲೇಬೇಡಿ. ಅದು ಶಿಸ್ತಲ್ಲ, ಹಿಂಸೆ.

ಮಗುವಿಗೆ ಜಾಸ್ತಿ ಭಾಷಣ ಬೇಡ. "ಮನೇಲಿ ಹೇಳಬೇಡ ಅಂತ ಯಾರಾದರೂ ಹೇಳಿದರೆ ಅದನ್ನೇ ಮೊದಲು ಬಂದು ಹೇಳು" ಅಂದರೆ ಸಾಕು. ಖುಷಿಯಿಂದ ಹೋಗುತ್ತಿದ್ದ ಮಗು ಇದ್ದಕ್ಕಿದ್ದಂತೆ ಹೊಟ್ಟೆನೋವು ಅಂದರೆ, "ಫೀಸ್ ಕಟ್ಟಿದ್ದೀವಿ, ಎದ್ದು ಹೋಗು" ಅನ್ನಬೇಡಿ. ನಾವೆಲ್ಲ ಅನ್ನುವುದು ಅದನ್ನೇ, ಅಲ್ವಾ?

ಏನಾದರೂ ಹೇಳಿದರೆ ಮಧ್ಯ ಬಾಯಿ ಹಾಕದೆ ಕೇಳಿ. ಅತ್ತೆ, ಮಾವ, ಚಿಕ್ಕಪ್ಪ ಎಲ್ಲರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. ಮಗು ಆಡಿದ ಮಾತನ್ನು ಅದೇ ಮಾತಿನಲ್ಲಿ, ತಾರೀಖು ಹಾಕಿ ಬರೆದಿಡಿ. ಮೆಸೇಜ್ ಅಳಿಸಬೇಡಿ. ಸಿಟ್ಟಿನಲ್ಲಿ ಕೋಚ್‌ಗೆ ಫೋನ್ ಮಾಡಿದರೆ ಅವನು ತನ್ನ ಫೋನಿನಲ್ಲಿದ್ದದ್ದನ್ನು ಅಳಿಸುತ್ತಾನೆ, ಹಾಗಾಗಿ ಮೊದಲು 1098 ಅಥವಾ 112. 1098 ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. 112 ತುರ್ತು ಸಹಾಯದ ನಂಬರ್. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ 18 ವರ್ಷದ ಒಳಗಿನ ಹುಡುಗ, ಹುಡುಗಿ ಇಬ್ಬರಿಗೂ ಅನ್ವಯಿಸುತ್ತದೆ. ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಅದರಲ್ಲಿ ಅಪರಾಧ. ಕ್ಯಾಂಪಿನ ಹೆಸರು ಹಾಳಾಗುತ್ತದೆ ಅಂತ ತನ್ನ ಕೈಕೆಳಗಿನವನ ವಿಷಯ ಮುಚ್ಚಿಟ್ಟ ಮುಖ್ಯಸ್ಥನಿಗೆ 1 ವರ್ಷದವರೆಗೆ ಜೈಲು, ಜೊತೆಗೆ ದಂಡ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಿರಿ ಅಂತ ನೀವು ಕೇಳಬಹುದು, ಬರೆದುಕೊಳ್ಳುವ ಪೊಲೀಸರು ಸಮವಸ್ತ್ರದಲ್ಲಿ ಇರುವಂತಿಲ್ಲ.

ಬೇರೆ ಅಪ್ಪ ಅಮ್ಮಂದಿರನ್ನು ಎಚ್ಚರಿಸಬೇಕು ಅನ್ನಿಸುತ್ತದೆ, ನಿಜ. ಆದರೆ ಕ್ಯಾಂಪಿನ ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಹೆಸರು, ಫೋಟೋ ಹಾಕಬೇಡಿ.