ಪ್ರಬಂಧದಲ್ಲಿ ಕಂಸ ಎಲ್ಲಿ, ವಿಭಕ್ತಿ ಎಲ್ಲಿ?

ಪಿಎಚ್.ಡಿ. ಪ್ರಬಂಧಗಳ ಕರಡು ತಿದ್ದುವ ಕೆಲಸ ನನ್ನದು. ಕಾಗುಣಿತ ತಪ್ಪಿದ್ದರೆ ಸರಿಪಡಿಸಿ ಮುಂದೆ ಹೋಗುತ್ತೇನೆ. ಕಂಸ ತಪ್ಪಿದ್ದರೆ ಮಾತ್ರ ಬರೆದವರಿಗೆ ಫೋನ್ ಮಾಡಲೇಬೇಕು. ಕಂಸದೊಳಗಿನ ಮಾತು ಅವರದೋ, ಅವರು ಉದ್ಧರಿಸಿದವರದೋ ಎಂಬುದು ಪುಟ ನೋಡಿದರೆ ತಿಳಿಯುವುದಿಲ್ಲ.

ಹಂತ 1: ಎರಡು ಕಂಸಗಳನ್ನು ಬೇರೆ ಮಾಡಿಕೊಳ್ಳಿ. ದುಂಡು ಕಂಸ ( ) ನಿಮ್ಮ ವಾಕ್ಯದೊಳಗಿನ ಇಸವಿ, ಆಕರ, ಚಿಕ್ಕ ವಿವರಣೆಗೆ. ಚೌಕ ಕಂಸ [ ] ಬೇರೆಯವರ ಮಾತಿನ ನಡುವೆ ನೀವು ಸೇರಿಸಿದ್ದಕ್ಕೆ.

ಹಂತ 2: ವಿಭಕ್ತಿಯನ್ನು ಪದದಿಂದ ಕೀಳಬೇಡಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಕನ್ನಡದಲ್ಲಿ ಪ್ರತ್ಯಯ ನಾಮಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. ಅವೆರಡರ ನಡುವೆ ಕಂಸ ನುಗ್ಗಿಸಿದರೆ ಪದವೇ ಮುರಿಯುತ್ತದೆ. 'ಹಂಪಿ (ವಿಜಯನಗರ)ದಲ್ಲಿ' ಎಂದು ಬರೆದಿದ್ದೀರಿ ಎನ್ನಿ. ಕಂಸದ ಮೇಲೆ ಬೆರಳಿಟ್ಟು ಓದಿ: 'ಹಂಪಿದಲ್ಲಿ'. ಹಾಗೆ ಯಾರೂ ಬರೆಯುವುದಿಲ್ಲ. ಪ್ರತ್ಯಯ ಒಳಗಿನ ಪದಕ್ಕೆ ಹೊಂದಿಕೊಂಡು ಹೊರಗಿನ ಪದವನ್ನು ಕೈಬಿಟ್ಟಿದೆ. 'ಹಂಪಿಯಲ್ಲಿ (ವಿಜಯನಗರ)' ಎನ್ನಿ. ಹಾಗೆಯೇ 'ಕರ್ನಾಟಕದಲ್ಲಿ (1973ರವರೆಗೆ ಮೈಸೂರು ರಾಜ್ಯ)'. ಒಳಗಿನ ಪದಕ್ಕೂ ವಿಭಕ್ತಿ ಹಚ್ಚಬೇಕೆನ್ನುವವರಿದ್ದಾರೆ. ನಾನು ಹಚ್ಚುವುದಿಲ್ಲ, ಓದು ಭಾರವಾಗುತ್ತದೆ.

ವ್ಯಕ್ತಿಗಳ ಹೆಸರಿಗೆ ಸುಲಭದ ದಾರಿಯಿದೆ. 'ಕುವೆಂಪು (1904–1994) ಅವರ ನಾಟಕಗಳು' ಎಂದರೆ ವಿಭಕ್ತಿಯ ಹೊರೆಯನ್ನು 'ಅವರು' ಹೊರುತ್ತದೆ. ಎಷ್ಟೋ ಕಡೆ ಕಂಸವೇ ಬೇಕಿಲ್ಲ. 'ಹಲ್ಮಿಡಿ ಶಾಸನ (5ನೇ ಶತಮಾನ)ದಲ್ಲಿ' ಎನ್ನುವ ಬದಲು '5ನೇ ಶತಮಾನದ ಹಲ್ಮಿಡಿ ಶಾಸನದಲ್ಲಿ' ಎನ್ನಿ. ವಿಶೇಷಣವನ್ನು ಮುಂದೆ ಕೂರಿಸುವ ಅನುಕೂಲ ನಮ್ಮ ಭಾಷೆಯಲ್ಲೇ ಇದೆ, ಬಳಸಿಕೊಳ್ಳಿ. 'ಮಾಡಿದ್ದಾನೆ(ಳೆ)' ಎಂದು ಬರೆಯುವುದನ್ನಂತೂ ಬಿಟ್ಟೇಬಿಡಿ, 'ಮಾಡಿದ್ದಾರೆ' ಸಾಕು.

ಹಂತ 3: ಉದ್ಧರಣೆ. ಕ್ಷೇತ್ರಕಾರ್ಯದಲ್ಲಿ ಒಬ್ಬ ಅಜ್ಜಿ 'ಬರ ಬಿದ್ದ ವರ್ಷ ಅಲ್ಲಿಗೆ ಹೋದ್ವಿ' ಎಂದರು. 'ಅಲ್ಲಿಗೆ' ಎಂದರೆ ಎಲ್ಲಿಗೆಂದು ಓದುಗರಿಗೆ ತಿಳಿಯಬೇಕು. 'ಬರ ಬಿದ್ದ ವರ್ಷ ಅಲ್ಲಿಗೆ [ಕಾಫಿ ತೋಟಕ್ಕೆ] ಹೋದ್ವಿ' ಎಂದು ಚೌಕ ಕಂಸದಲ್ಲೇ ಕೊಡಿ. ದುಂಡು ಕಂಸ ಹಾಕಿದರೆ ಕಾಫಿ ತೋಟದ ಮಾತನ್ನೂ ಅಜ್ಜಿಯೇ ಆಡಿದಂತಾಗುತ್ತದೆ. ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕುವ ಹಕ್ಕು ನಮಗಿಲ್ಲ. ಮುದ್ರಿತ ಮೂಲದಲ್ಲಿ ತಪ್ಪಿದ್ದರೆ ಪಕ್ಕದಲ್ಲಿ [ಮೂಲದಲ್ಲಿರುವಂತೆ] ಎನ್ನಿ. 'ಹೋದ್ವಿ' ಎಂಬುದರ ಪಕ್ಕ ಅದನ್ನು ಅಂಟಿಸಬೇಡಿ. ಅದು ಅವರ ನುಡಿ, ತಪ್ಪಲ್ಲ.

ಶಾಸನ ಓದುವವರಿಗೆ ಚೌಕ ಕಂಸದ ಕೆಲಸ ಬೇರೆ. ಶಾಸನಪಾಠವನ್ನು ಅಚ್ಚು ಮಾಡುವಾಗ ಬಳಸುವ ಚಿಹ್ನೆಗಳ ನಿಯಮವಾದ 1931ರ ಲೈಡನ್ ಪದ್ಧತಿಯಲ್ಲಿ ಅದು ಅಳಿದುಹೋದ ಭಾಗವನ್ನು ಸೂಚಿಸುತ್ತದೆ. ಊಹಿಸಿ ತುಂಬಿದ ಅಕ್ಷರಗಳು ಅದರೊಳಗೆ ಬರುತ್ತವೆ. ಸಂಕ್ಷಿಪ್ತ ರೂಪವನ್ನು ಬಿಡಿಸಿ ಬರೆದದ್ದು ದುಂಡು ಕಂಸದಲ್ಲಿ. ಯಾವ ಪದ್ಧತಿ ಹಿಡಿದಿದ್ದೀರೆಂದು ಮೊದಲ ಅಧ್ಯಾಯದಲ್ಲೇ ಹೇಳಿಬಿಡಿ.

ಹಂತ 4: ಆಕರ. ಅಮೆರಿಕದ ಮನೋವಿಜ್ಞಾನ ಸಂಘದ ಎಪಿಎ (APA) ಶೈಲಿಯಲ್ಲಿ (ಲೇಖಕರ ಹೆಸರು, 2012, ಪು. 45). ಅಲ್ಲಿನದೇ ಆಧುನಿಕ ಭಾಷಾ ಸಂಘದ ಎಂಎಲ್ಎ (MLA) ಶೈಲಿಯಲ್ಲಿ (ಲೇಖಕರ ಹೆಸರು 45), ನಡುವೆ ಅಲ್ಪವಿರಾಮವಿಲ್ಲ. ಒಂದನ್ನು ಹಿಡಿದರೆ ಕೊನೆಯವರೆಗೂ ಅದೇ ಇರಲಿ. ಪೂರ್ಣವಿರಾಮ ಕಂಸ ಮುಚ್ಚಿದ ಮೇಲೆ. ಇಡೀ ವಾಕ್ಯವೇ ಕಂಸದೊಳಗಿದ್ದರೆ ಮಾತ್ರ ಒಳಗೆ. ಆಕರಗಳನ್ನು ತಾನೇ ಜೋಡಿಸುವ ತಂತ್ರಾಂಶವನ್ನು ಕಣ್ಣುಮುಚ್ಚಿ ನಂಬಬೇಡಿ. ಕನ್ನಡ ಪುಟದ ನಡುವೆ ಇಂಗ್ಲಿಷ್ ಸಂಕ್ಷೇಪಗಳನ್ನು ಹಾಗೇ ಉಳಿಸಿದ್ದನ್ನು ಎಷ್ಟೋ ಸಲ ಕೈಯಾರೆ ತಿದ್ದಿದ್ದೇನೆ.

ಹಂತ 5: ಕಂಸದೊಳಗೆ ಕಂಸ ಬಂದರೆ ದುಂಡಿನೊಳಗೆ ಚೌಕ. ಅದಕ್ಕಿಂತ ವಾಕ್ಯವನ್ನು ಎರಡು ಮಾಡುವುದೇ ಮೇಲು.

ಹಂತ 6: ಹುಡುಕಿ. ಮುಗಿದ ಕಡತದಲ್ಲಿ ತೆರೆದ ಕಂಸ ಎಷ್ಟು, ಮುಚ್ಚಿದ್ದು ಎಷ್ಟು ಎಂದು ಎಣಿಸಿ ಹೊಂದಿಸಿಕೊಳ್ಳಿ. ಆಮೇಲೆ ಹುಡುಕುವ ಪೆಟ್ಟಿಗೆಯಲ್ಲಿ ')ದ', ')ಯ', ')ನ', ')ರ', ')ಗೆ' ಎಂದು ಒಂದೊಂದಾಗಿ ಹಾಕಿ. ಮುರಿದ ವಿಭಕ್ತಿಗಳು ಸಾಲಾಗಿ ಎದುರಿಗೆ ಬರುತ್ತವೆ.